ಎಂಟನೆಯ ಕೀಲಿಯೂ ಸವಣೂರಿನ ದೂತನೂ

ಪುತ್ತೂರಿನ ಹತ್ತಿರದ ಸವಣೂರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ ಕೃಷ್ಣಮೋಹನ ಭಟ್ಟರಿಗೆ ಜಗತ್ತಿನ ಯಾವ ವಿಷಯದ ಬಗ್ಗೆ ಅಭಿಪ್ರಾಯ ಕೊಡಬೇಕಾದರೂ ಒಂದೇ ವಾಕ್ಯ ಸಾಕಾಗುತ್ತಿತ್ತು: "ಎರಡನೇದು ಮೊದಲನೇದರ ಹತ್ತಿರ ಬರುದಿಲ್ಲ." ಎರಡನೆಯ ಲೋಟ ಕಾಫಿ, ಎರಡನೆಯ ಪಂಕ್ತಿಯ ಊಟ, ರಸ್ತೆಗೆ ಎರಡನೆಯ ಸಲ ಹಾಕಿದ ಡಾಂಬರು, ಭಾವನ ಮನೆಯ ಎರಡನೆಯ ಅಳಿಯ, ಎಲ್ಲಿಗೆ ಇಟ್ಟರೂ ಆ ವಾಕ್ಯ ಸರಿಯಾಗಿ ಕೂರುತ್ತಿತ್ತು. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಅಲ್ಲಗಳೆದಿರಲಿಲ್ಲ. ಆ ಎರಡನೆಯ ಅಳಿಯ ಒಬ್ಬ ಸ್ವಲ್ಪ ಮುಖ ಊದಿಸಿಕೊಂಡಿದ್ದ, ಅಷ್ಟೇ.

ಭಟ್ಟರ ಮಾತಿಗೆ ಇಷ್ಟು ತೂಕ ಬಂದದ್ದು ತಾಳಮದ್ದಳೆಯಿಂದ. ವೇಷ ಕಟ್ಟದೆ, ಕುಣಿಯದೆ, ಪಂಚೆ ಶಾಲು ಹೊದ್ದು ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಅಲ್ಲಿಂದಲ್ಲಿಗೇ ಮಾತು ಕಟ್ಟಿ ಎದುರಿನವನ ಬಾಯಿ ಮುಚ್ಚಿಸುವ ಈ ಕಲೆಗೆ ಪುತ್ತೂರಿನ ಕಡೆ ಇರುವ ಮರ್ಯಾದೆ ವಕೀಲಿಕೆಗೂ ಇಲ್ಲ. ಸವಣೂರಿನ ಸಂಘದಲ್ಲಿ ಭಟ್ಟರು ಇಪ್ಪತ್ತೆರಡು ವರ್ಷಗಳಿಂದ ಅರ್ಥಧಾರಿ. ಇಪ್ಪತ್ತೆರಡು ವರ್ಷವೂ ಅವರಿಗೆ ಸಿಕ್ಕಿದ್ದು ದೂತನ ಪಾತ್ರ. ರಾಜನ ಮುಂದೆ ಬಂದು, ಓಲೆ ಒಪ್ಪಿಸಿ, ನಾಲ್ಕು ಮಾತಾಡಿ, ಅಪ್ಪಣೆ ಪಡೆದು ಎದ್ದು ಹೋಗುವುದು. ಸ್ವರ ಗಟ್ಟಿ, ಮಾತು ನಯ, ಕೊರತೆ ಒಂದೇ: ಪ್ರಸಂಗವನ್ನು ಮೊದಲೇ ಓದಿಕೊಂಡು ಬರುವ ಅಭ್ಯಾಸ ಅವರಿಗಿರಲಿಲ್ಲ. "ಪದ್ಯ ಕೇಳಿದ್ರೆ ಅರ್ಥ ತಾನಾಗಿ ಬರ್ತದೆ ಮಾರಾಯ್ರೆ" ಎನ್ನುತ್ತಿದ್ದರು. ದೂತನಿಗೆ ಅಷ್ಟು ಸಾಕೂ ಆಗುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹಾಲಿನ ಕ್ಯಾನುಗಳನ್ನು ಲಾರಿಗೆ ಹತ್ತಿಸಿ ಭಟ್ಟರು ಎಂದಿನಂತೆ ಮೂಸಕುಂಞಿಯವರ ಹೋಟೆಲಿಗೆ ಬಂದಾಗ ಅಲ್ಲಿ ಯಾರೂ ಬನ್ಸ್ ತಿನ್ನುತ್ತಿರಲಿಲ್ಲ. ಎಲ್ಲರೂ ಜಗಳವಾಡುತ್ತಿದ್ದರು. ಜಗಳಕ್ಕೆ ಕಾರಣ ಫೋನಿನ ಒಂದು ಆ್ಯಪಿನಲ್ಲಿ ಕಂತು ಕಂತಾಗಿ ಬರುತ್ತಿದ್ದ ಮಾಯಾಲೋಕದ ಕಾದಂಬರಿ. ಮೊದಲ ಭಾಗ 'ಏಳು ಕೀಲಿಗಳ ಕೋಟೆ' ಅರುವತ್ತೆರಡು ಕಂತುಗಳಲ್ಲಿ ಮುಗಿದು, ಕಡಬದಿಂದ ಸಂಪಾಜೆಯವರೆಗೆ ಜನರ ನಿದ್ದೆ ಕೆಡಿಸಿತ್ತು. ಈಗ ಮಂಗಳವಾರಕ್ಕೊಂದು ಶನಿವಾರಕ್ಕೊಂದರಂತೆ ಎರಡನೆಯ ಭಾಗ 'ಎಂಟನೆಯ ಕೀಲಿ' ಬರುತ್ತಿತ್ತು. ಬರೆಯುವವರ ನಿಜ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಥೆಯ ಮೇಲೆ ಇದ್ದದ್ದು 'ಕಾಡುಪಾಪ' ಎಂಬ ಹೆಸರು ಮಾತ್ರ.

"ಕಾಡುಪಾಪನಿಗೆ ಕೈ ಸೋತಿದೆ" ಎಂದ ಅಶ್ವಿತ್. ಇವನು ಸಹಕಾರಿ ಸಂಘದ ಗುಮಾಸ್ತ, ಯುವಕ ಮಂಡಲದ ಅಧ್ಯಕ್ಷ, ಎಲ್ಲವನ್ನೂ ವಿಡಿಯೋ ಮಾಡುವ ಚಟದವನು. "ಮೊದಲನೇದರಲ್ಲಿ ಎಂತ ಯುದ್ಧ! ಇದರಲ್ಲಿ ಒಬ್ಬಳು ಅಜ್ಜಿ ಅವಲಕ್ಕಿ ಮಾರ್ತಾ ಇದ್ದಾಳೆ, ಅಷ್ಟೇ."

"ಮೊದಲನೇದರ ಸುದ್ದಿ ನನ್ನ ಹತ್ರ ತೆಗೀಬೇಡ" ಎಂದರು ಮೂಸಕುಂಞಿ, ಚಾ ಎತ್ತಿ ಹೊಯ್ಯುತ್ತಾ. ಅವರು ಓದುತ್ತಿರಲಿಲ್ಲ, ಅಶ್ವಿತ್ ಓದಿದ್ದನ್ನು ಕೇಳುತ್ತಿದ್ದರು. ನಲವತ್ತೊಂದನೆಯ ಕಂತಿನಲ್ಲಿ ಮಾತಾಡುವ ಬಿಳಿ ಕುದುರೆ ಸತ್ತ ದಿನ ಹೋಟೆಲಿನ ಬಾಗಿಲು ಅರ್ಧ ಎಳೆದಿದ್ದರು. "ಆ ಕುದುರೆಯನ್ನು ಕೊಂದವನು ನನ್ನ ಕೈಗೆ ಸಿಕ್ಕಿದ್ರೆ ಉಂಟು."

ಅಷ್ಟರಲ್ಲಿ ಅಶ್ವಿತ್ ಭಟ್ಟರನ್ನು ಕಂಡ. "ಮೋಹನಣ್ಣ, ನೀವೇ ಹೇಳಿ. ಎರಡನೇದು ಹೇಗೆ?"

ಭಟ್ಟರು ಈ ಕಾದಂಬರಿಯ ಹೆಸರನ್ನು ಹೆಂಡತಿಯ ಫೋನಿನಲ್ಲಿ ಒಂದೆರಡು ಸಲ ಕಂಡದ್ದುಂಟು. ಅದು ಯಾವುದೋ ಬೀಗದ ಕಂಪನಿಯ ಜಾಹೀರಾತು ಎಂದು ತಿಳಿದಿದ್ದರು. ಗೊತ್ತಿಲ್ಲ ಎಂದು ಹೇಳಿ ಒಂದು ಬನ್ಸ್ ತಿನ್ನಬಹುದಿತ್ತು, ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಎಂಟು ಜನ ಬಾಯಿ ತೆರೆದು ತನ್ನ ಮುಖ ನೋಡುತ್ತಿರುವಾಗ 'ಗೊತ್ತಿಲ್ಲ' ಎನ್ನುವ ಅರ್ಥಧಾರಿ ಇನ್ನೂ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಭಟ್ಟರು ಚಾಕ್ಕೆ ಎರಡು ಸಲ ಊದಿ, ಕಣ್ಣು ಅರ್ಧ ಮುಚ್ಚಿದರು.

"ಎರಡನೇದು ಮೊದಲನೇದರ ಹತ್ತಿರ ಬರುದಿಲ್ಲ."

ಹೋಟೆಲು ಸ್ತಬ್ಧವಾಯಿತು. ಆ ಮೌನ ಭಟ್ಟರ ತಲೆಗೆ ಏರಿತು. ಅಲ್ಲಿಗೇ ನಿಲ್ಲಿಸಲು ಆಗಲಿಲ್ಲ.

"ಮೊದಲನೇದರಲ್ಲಿ ಹಸಿವು ಉಂಟು. ಎರಡನೇದರಲ್ಲಿ ಬರೀ ತೇಗು."

"ಅಬ್ಬಾ!" ಎಂದ ಅಶ್ವಿತ್. ಅವನ ಫೋನು ಆಗಲೇ ಎಲ್ಲವನ್ನೂ ಹಿಡಿದಾಗಿತ್ತು.

ಗಲ್ಲಾದ ಹತ್ತಿರ ಬನ್ಸ್ ಪೊಟ್ಟಣ ಕಟ್ಟುತ್ತಿದ್ದ ನೆಬೀಸಳ ಕೈ ಮಾತ್ರ ನಿಂತಿತು. ಮೂಸಕುಂಞಿಯವರ ಕಿರಿಯ ಮಗಳು ಈಕೆ. ಬೆಳಿಗ್ಗೆ ಹೋಟೆಲಿನಲ್ಲಿ ಅಪ್ಪನಿಗೆ ಕೈ ಸೇರಿಸಿ, ಒಂಬತ್ತರ ಬಸ್ಸಿಗೆ ಪುತ್ತೂರಿಗೆ ಬಿ.ಎಡ್. ಓದಲು ಹೋಗುವವಳು. ಓದುಗರ ಹತ್ತಿರ ಮುಚ್ಚುಮರೆ ಏಕೆ, ಈಗಲೇ ಹೇಳಿಬಿಡುವುದು ಒಳ್ಳೆಯದು: ಕಾಡುಪಾಪ ಎಂದರೆ ಇವಳೇ. ತಾಳಮದ್ದಳೆ ಸಂಘದ ಹಾಲ್ ಈ ಹೋಟೆಲಿನ ಮಾಳಿಗೆಯಲ್ಲಿತ್ತು. ಚಿಕ್ಕವಳಿದ್ದಾಗಿನಿಂದ ಮೇಲಕ್ಕೆ ಚಾ ಕೊಂಡುಹೋದವಳು ಅಲ್ಲೇ ಬಾಗಿಲಿಗೆ ಒರಗಿ ಮಾತು ಕೇಳುತ್ತಾ ನಿಂತುಬಿಡುತ್ತಿದ್ದಳು. ಅವಳ ಕಥೆಯ ರಾಜರು ಆಡುತ್ತಿದ್ದ ಮಾತೆಲ್ಲ ಆ ಬಾಗಿಲಿನಿಂದ ಬಂದದ್ದು. ಅಲ್ಲಿ ಅವಳಿಗೆ ಎಲ್ಲರಿಗಿಂತ ಇಷ್ಟವಾಗುತ್ತಿದ್ದವನು ದೂತ. ರಾಜರು ಗಂಟೆಗಟ್ಟಲೆ ವಾದಿಸಿದರೂ ಕಥೆ ಇದ್ದಲ್ಲೇ ಇರುತ್ತಿತ್ತು. ಭಟ್ಟರ ದೂತ ಬಂದು ನಾಲ್ಕು ಮಾತಾಡಿದರೆ ಸಾಕು, ಕಥೆ ಎದ್ದು ಓಡುತ್ತಿತ್ತು.

ಅಂಥ ಭಟ್ಟರ ಬಾಯಿಯಿಂದ ಈ ಮಾತು. ಎರಡನೆಯ ಭಾಗ ಸರಿಯಾಗುತ್ತಿದೆಯೋ ಇಲ್ಲವೋ ಎಂದು ಅವಳಿಗೇ ತಿಂಗಳಿನಿಂದ ಅಳುಕಿತ್ತು. ತೇಗು ಎಂಬ ಶಬ್ದ ಅವಳ ಎದೆಗೆ ನಾಟಿತು. ಅವಳು ಪೊಟ್ಟಣಕ್ಕೆ ದಾರ ಸುತ್ತಿದಳು.

ವಿಡಿಯೋ ಮಧ್ಯಾಹ್ನಕ್ಕೆ ಸುಳ್ಯಕ್ಕೆ ತಲುಪಿತು, ಸಂಜೆಗೆ ಸಂಪಾಜೆ ದಾಟಿ ಮಡಿಕೇರಿಗೆ ಹತ್ತಿತು. 'ಹಸಿವು ಮತ್ತು ತೇಗು' ಎಂಬ ವಿಮರ್ಶಾ ಸೂತ್ರ ಎಲ್ಲರ ಬಾಯಲ್ಲಿ ಓಡಾಡಿತು. ಮರುದಿನ ಸೊಸೈಟಿಯಲ್ಲಿ ಹಾಲು ಹೊಯ್ಯಲು ಬಂದವರು ಭಟ್ಟರಿಗೆ ನಮಸ್ಕಾರ ಮಾಡಿ ಹಾಲು ಹೊಯ್ದರು. ಒಬ್ಬರು ಮಗಳ ಕವನ ತಂದು ತೋರಿಸಿದರು. ಭಟ್ಟರು ಅದನ್ನು ಲ್ಯಾಕ್ಟೋಮೀಟರಿನ ಪಕ್ಕದಲ್ಲಿಟ್ಟು, ಹಾಳೆಯನ್ನು ತಿರುಗಿಸಿಯೂ ನೋಡದೆ, "ಇದರಲ್ಲಿ ಹಸಿವು ಉಂಟು" ಎಂದರು. ತಂದೆಯ ಕಣ್ಣು ತುಂಬಿತು.

ಮನೆಯಲ್ಲಿ ಮಾತ್ರ ಗಾಳಿ ಬೇರೆಯಾಗಿತ್ತು. ಭಟ್ಟರ ಹೆಂಡತಿ ಪರಮೇಶ್ವರಿ ಎರಡೂ ಭಾಗಗಳ ಒಂದು ಕಂತನ್ನೂ ಬಿಟ್ಟವರಲ್ಲ.

"ನೀವು ಯಾವಾಗ ಓದಿದ್ದು?" ಎಂದು ಕೇಳಿದರು.

"ಓದುದು ಅಂದ್ರೆ ಕಣ್ಣಿಂದ ಮಾತ್ರವಾ?"

"ಮತ್ತೆ ಎಂತದರಿಂದ? ಮೂಗಿಂದವಾ?"

"ನಿನಗೆ ಅದೆಲ್ಲ ಗೊತ್ತಾಗುದಿಲ್ಲ" ಎಂದು ಭಟ್ಟರು ಕೈಕಾಲು ತೊಳೆಯಲು ಹೋದರು. ಪರಮೇಶ್ವರಿ ಅವರ ಅಂಗಿಯನ್ನು ಮೊಳೆಗೆ ಸಿಕ್ಕಿಸಿದರು. ಗಂಡನ ಅಂಗಿಯ ಕಿಸೆಯಲ್ಲಿ ಇದ್ದ ಫೋನು ಯಾವುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಇಪ್ಪತ್ತನೆಯ ಕಂತು ಬರಬೇಕಿತ್ತು. ಬಂದದ್ದು ಮೂರು ಸಾಲಿನ ಪ್ರಕಟಣೆ. "ಸವಣೂರಿನ ಹಿರಿಯ ಅರ್ಥಧಾರಿಯೊಬ್ಬರು ಎರಡನೆಯದು ಮೊದಲನೆಯದರ ಹತ್ತಿರ ಬರುವುದಿಲ್ಲ ಎಂದಿದ್ದಾರೆ. ಅವರ ಮಾತಿನ ಮೇಲೆ ನನಗೆ ಗೌರವವಿದೆ. ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಇತಿ, ಕಾಡುಪಾಪ."

ಹತ್ತೊಂಬತ್ತನೆಯ ಕಂತು ನಿಂತದ್ದಾದರೂ ಎಲ್ಲಿ? ಅವಲಕ್ಕಿ ಮಾರುವ ಮುಳ್ಳಜ್ಜಿ ಬುಟ್ಟಿಯೊಳಗೆ ಕೈ ಹಾಕಿ, "ಮಗಾ, ನೀನು ಹುಡುಕುವ ಕೀಲಿ..." ಎಂದಲ್ಲಿಗೆ. ಅಜ್ಜಿಯ ಕೈ ಇನ್ನು ಬುಟ್ಟಿಯಿಂದ ಹೊರಗೆ ಬರುವುದಿಲ್ಲ ಎಂಬ ಸುದ್ದಿ ಮೂರು ತಾಲೂಕುಗಳಿಗೆ ಒಟ್ಟಿಗೆ ಮುಟ್ಟಿತು.

ಭಾನುವಾರ ಬೆಳಿಗ್ಗೆ ಸೊಸೈಟಿಯಲ್ಲಿ ನಮಸ್ಕಾರ ಇರಲಿಲ್ಲ. ಹಾಲು ಹೊಯ್ದವರು ಪಾತ್ರೆಯನ್ನು ಮೇಜಿನ ಮೇಲೆ ಕುಟ್ಟಿ ಇಟ್ಟು ಹೋದರು. ಸೋಮವಾರ ಕಂಡಕ್ಟರ್ ಹಕೀಮ್ ಭಟ್ಟರನ್ನು ಕಂಡೂ ಬಸ್ಸು ನಿಲ್ಲಿಸದೆ, ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಹಿಂದೆ ಎರಡನೇ ಬಸ್ಸು ಉಂಟು ಭಟ್ರೆ! ಇದರ ಹತ್ತಿರ ಬರುದಿಲ್ಲ, ಆದ್ರೂ ಹತ್ತಿ!" ಎಂದು ಕೂಗಿ ಹೋದ. ದನಗಳನ್ನು ನೋಡಲು ಬಂದ ಡಾಕ್ಟ್ರು ಭಟ್ಟರ ಹಸುವಿನ ಕಾಲು ಪರೀಕ್ಷಿಸಿ ಗಂಭೀರವಾಗಿ ಚೀಟಿ ಬರೆದರು. "ಮದ್ದು ದಿವಸಕ್ಕೆ ಎರಡು ಸಲ. ಎರಡನೇದು ಮೊದಲನೇದರ ಹತ್ತಿರ ಬರ್ತದಾ ಅಂತ ನೀವೇ ನೋಡಿ ತೀರ್ಮಾನ ಮಾಡಿ." ಹೋಟೆಲಿನಲ್ಲಿ ಮೂಸಕುಂಞಿ, "ಚಾ ಇಲ್ಲ ಭಟ್ರೆ" ಎಂದರು. ಅವರ ಹಿಂದೆ ಚಾ ಕುದಿಯುತ್ತಿತ್ತು.

ಮನೆಯಲ್ಲಿ ಪರಮೇಶ್ವರಿ ಜಗಳವಾಡಲಿಲ್ಲ. ಗಂಜಿ ಬಡಿಸಿದರು. ರಾತ್ರಿಗೂ ಗಂಜಿ, ಮರುದಿನಕ್ಕೂ ಗಂಜಿ. ಉಪ್ಪಿನಕಾಯಿ ಭರಣಿ ಭಟ್ಟರ ಕೈಗೆ ನಿಲುಕದ ಅಟ್ಟಕ್ಕೆ ಏರಿತ್ತು.

"ಮೂವತ್ತು ವರ್ಷ ಆಯ್ತು ನೀವು ಹಾಲಿನ ಪರೀಕ್ಷೆ ಮಾಡ್ಲಿಕ್ಕೆ ಹಿಡಿದು" ಎಂದರು ಮೂರನೆಯ ದಿನ. "ಲ್ಯಾಕ್ಟೋಮೀಟರ್ ಮುಳುಗಿಸಿ ನೋಡದೆ, ನೀರು ಹಾಕಿದ್ದೀ ಅಂತ ಯಾರಿಗಾದ್ರೂ ಹೇಳಿದ್ದುಂಟಾ?"

"ಇಲ್ಲ."

"ಮತ್ತೆ?"

ಭಟ್ಟರು ಗಂಜಿಗೆ ಇನ್ನಷ್ಟು ಉಪ್ಪು ಹಾಕಿಕೊಂಡರು. ಇಪ್ಪತ್ತೆರಡು ವರ್ಷ ಸಂಪಾದಿಸಿದ ಮರ್ಯಾದೆ ಮೂರು ಸಾಲಿನಲ್ಲಿ ಹೋಗುವುದರಲ್ಲಿತ್ತು. ಓದಿಲ್ಲ ಎಂದು ಒಪ್ಪಿಕೊಂಡರೆ ಇನ್ನು ಅವರ ಯಾವ ಮಾತನ್ನೂ ಯಾರೂ ನಂಬುವುದಿಲ್ಲ, ಒಪ್ಪಿಕೊಳ್ಳದಿದ್ದರೆ ಕಥೆ ಮುಂದುವರಿಯುವುದಿಲ್ಲ, ಉಪ್ಪಿನಕಾಯಿ ಇಳಿಯುವುದಿಲ್ಲ. ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಉಪಾಯ ತಂದವನು ಅಶ್ವಿತ್. "ಮೋಹನಣ್ಣ, ತಾಳಮದ್ದಳೆಯಲ್ಲಿ ಇವತ್ತು ಒಂದು ಪಕ್ಷ ಹಿಡಿದವರು ನಾಳೆ ಇನ್ನೊಂದು ಪಕ್ಷ ಹಿಡಿದು ಮಾತಾಡುದಿಲ್ವಾ? ನೀವು ಎರಡನೇ ಭಾಗದ ಪಕ್ಷ ಹಿಡಿದು ಗೆಲ್ಲಿ. ನಾನು ಫೋನಲ್ಲಿ ಲೈವ್ ಬಿಡ್ತೇನೆ. ಕಾಡುಪಾಪ ಎಲ್ಲಿದ್ರೂ ನೋಡ್ತಾನೆ, ಮನಸ್ಸು ಕರಗ್ತದೆ."

"ನನ್ನ ಎದುರಿಗೆ ಯಾರು?"

"ಅಜ್ಜಾವರದ ಡೊಂಬಯ್ಯ ಗೌಡ್ರು."

ಭಟ್ಟರಿಗೆ ಗಂಜಿಯೂ ಇಳಿಯದಂತಾಯಿತು. ಡೊಂಬಯ್ಯ ಗೌಡರು ನಿವೃತ್ತ ಗಣಿತ ಮೇಷ್ಟ್ರು, ಘಟಾನುಘಟಿ ಅರ್ಥಧಾರಿ, ಮದುವೆಯ ಕಾಗದವನ್ನೂ ಪೆನ್ಸಿಲ್ ಹಿಡಿದು ತಪ್ಪು ಗುರುತಿಸುತ್ತಾ ಓದುವವರು. ಆದರೆ ಕೂಟದ ಸ್ವರೂಪ ಕೇಳಿದ ಮೇಲೆ ಭಟ್ಟರಿಗೆ ಸ್ವಲ್ಪ ಧೈರ್ಯ ಬಂತು. ಗೌಡರು ಮೊದಲ ಭಾಗವೇ ಆಗಿ ಮಾತಾಡುವುದು, ಭಟ್ಟರು ಎರಡನೆಯ ಭಾಗವೇ ಆಗಿ ಉತ್ತರಿಸುವುದು. ಅಂದರೆ ಅಣ್ಣತಮ್ಮಂದಿರ ವಾದ. ಅಣ್ಣತಮ್ಮಂದಿರ ವಾದಕ್ಕೆ ಪುಸ್ತಕ ಯಾಕೆ ಓದಬೇಕು ಎಂದುಕೊಂಡರು ಭಟ್ಟರು. ಮನುಷ್ಯನಿಗೆ ಬುದ್ಧಿ ಬರಲು ಒಂದು ವಾರದ ಗಂಜಿ ಸಾಲದು ಎಂಬುದಕ್ಕೆ ಇದೇ ಸಾಕ್ಷಿ.

ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಮಾಳಿಗೆಯ ಸಂಘದ ಹಾಲ್‌ನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಸುಳ್ಯದಿಂದ ಒಂದು ವ್ಯಾನು, ಕಡಬದಿಂದ ಎರಡು ಜೀಪು ಬಂದಿದ್ದವು. ಪರಮೇಶ್ವರಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ಮೂಸಕುಂಞಿಯೂ ನೆಬೀಸಳೂ ಚಾದ ದೊಡ್ಡ ಕೆಟ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಭಾಗವತರು ಅಶ್ವಿತ್ ಬರೆದುಕೊಟ್ಟ ಪದ್ಯವನ್ನು ಒಂದು ಸಲ ನೋಡಿ, ಕನ್ನಡಕ ಒರೆಸಿ ಇನ್ನೊಂದು ಸಲ ನೋಡಿ, ದೇವರ ಮೇಲೆ ಭಾರ ಹಾಕಿ ಹಾಡಿದರು. ಚೆಂಡೆಯ ಪೆಟ್ಟು ಬಿತ್ತು.

"ಯಾರಲ್ಲಿ?" ಎಂದು ಡೊಂಬಯ್ಯ ಗೌಡರು ಶಾಲು ಎಳೆದುಕೊಂಡರು. "ನಾನು ಏಳು ಕೀಲಿಗಳ ಕೋಟೆ. ಅರುವತ್ತೆರಡು ಕಂತುಗಳ ಆಯುಸ್ಸು ತುಂಬಿ, ಲೋಕದಿಂದ ಭೇಷ್ ಎನಿಸಿಕೊಂಡು ವಿಶ್ರಾಂತಿಯಲ್ಲಿದ್ದೇನೆ. ನನ್ನ ಹೆಸರು ಹೇಳಿಕೊಂಡು, ನನ್ನ ಅಂಗಳದಲ್ಲಿ, ನನ್ನದೇ ಕೀಲಿಗೊಂಚಲಿಗೆ ಇನ್ನೊಂದು ಕೀಲಿ ಪೋಣಿಸಲು ಬಂದ ನೀನು ಯಾರು?"

ಭಟ್ಟರು ಕೈಮುಗಿದರು. ಸ್ವರ ತುಂಬಿ ಬಂತು. "ಅಣ್ಣಾ, ನಿನ್ನ ತಮ್ಮ. ನೀನು ಮೊದಲು ಹುಟ್ಟಿದ್ದು ನಿನ್ನ ಸಾಮರ್ಥ್ಯದಿಂದಲ್ಲ, ನಾನು ಆಮೇಲೆ ಹುಟ್ಟಿದ್ದು ನನ್ನ ಅಪರಾಧದಿಂದಲ್ಲ. ನಿನ್ನನ್ನು ಎತ್ತಿಕೊಂಡಾಗ ತಾಯಿಗೆ ಹೋಲಿಸಲು ಯಾರೂ ಇರಲಿಲ್ಲ. ನಾನು ತೊಟ್ಟಿಲಿಗೆ ಬೀಳುವ ಮೊದಲೇ ಜನ, ಮೂಗು ಅಣ್ಣನ ಹಾಗಿಲ್ಲ, ಕಿವಿ ಅಣ್ಣನ ಹಾಗಿಲ್ಲ ಎಂದರು. ಅಣ್ಣಾ, ಅಳುವುದಕ್ಕಾದರೂ ನನಗೆ ನನ್ನದೇ ಒಂದು ಸ್ವರ ಬೇಡವೇ?"

ಚಪ್ಪಾಳೆ ಬಿತ್ತು. ಮೂಸಕುಂಞಿ ಹೆಗಲ ಬೈರಾಸಿನಿಂದ ಕಣ್ಣೊರೆಸಿದರು. ನೆಬೀಸ ಕೆಟ್ಲನ್ನು ನೆಲದ ಮೇಲೆ ಇಟ್ಟು ಎರಡೂ ಕೈ ಕಟ್ಟಿ ನಿಂತಳು. ಕಳೆದ ಎರಡು ವಾರ ಅವಳ ಮನಸ್ಸಿನಲ್ಲಿದ್ದದ್ದನ್ನೇ ಭಟ್ಟರು ಹೇಳುತ್ತಿದ್ದರು.

ಡೊಂಬಯ್ಯ ಗೌಡರು ಸುಲಭಕ್ಕೆ ಬಗ್ಗುವವರಲ್ಲ. "ಮಾತು ಚೆಂದ, ತಮ್ಮಾ. ಆದರೆ ನಿನ್ನ ಒಡಲಿನಲ್ಲಿ ಎಂಟನೆಯ ಕೀಲಿ ಇದೆ ಎನ್ನುತ್ತೀಯಲ್ಲ, ಅದು ಯಾರ ಬಳಿ ಇದೆ?"

"ಯಾರ ಬಳಿ ಇರಬೇಕೋ ಅವರ ಬಳಿಯೇ ಇದೆ."

ಚಪ್ಪಾಳೆ.

"ಅವರ ಹೆಸರು?"

"ಹೆಸರಿನಿಂದ ಗುರುತಿಸುವವರು ಅಲ್ಪರು. ಗುಣದಿಂದ ಗುರುತಿಸುವವರು ನಿನ್ನಂಥವರು."

ಇನ್ನೂ ದೊಡ್ಡ ಚಪ್ಪಾಳೆ. ಗೌಡರು ಪೆನ್ಸಿಲ್ ಕೈಗೆ ತೆಗೆದುಕೊಂಡರು. "ಗುಣವನ್ನೇ ಹೇಳು. ಹನ್ನೊಂದನೆಯ ಕಂತಿನಲ್ಲಿ ಅವರು ತಲೆಯ ಮೇಲೆ ಏನು ಹೊತ್ತು ಬರುತ್ತಾರೆ?"

"ಜವಾಬ್ದಾರಿ!" ಎಂದು ಭಟ್ಟರು ಗುಡುಗಿದರು.

ಸಭೆ ಎದ್ದು ನಿಂತಿತು. ಇನ್ನೊಂದು ನಿಮಿಷ ಕಳೆದಿದ್ದರೆ ಭಟ್ಟರು ಗೆದ್ದೇ ಬಿಡುತ್ತಿದ್ದರು. ಆಗಲೇ ಅವರ ಕಿಸೆಯೊಳಗಿನಿಂದ ಕ್ರೀಂ ಕ್ರೀಂ ಎಂದು ಹಳೆಯ ಕಾಲದ ಗಂಟೆ ಬಡಿಯತೊಡಗಿತು. ಭಟ್ಟರು ಕೈಯಿಂದ ಒತ್ತಿ ಹಿಡಿದರು, ನಿಲ್ಲಲಿಲ್ಲ. ಗಾಬರಿಯಲ್ಲಿ ಹೊರಗೆ ತೆಗೆದರು. ಗುಂಡಿ ಒತ್ತುವ ಫೋನು. ಹಿಂದಿನ ಮುಚ್ಚಳ ಬೀಳದ ಹಾಗೆ ಸುತ್ತಿದ ಎರಡು ರಬ್ಬರ್ ಬ್ಯಾಂಡು. ಮೊದಲ ಸಾಲಿನಲ್ಲಿ ಪರಮೇಶ್ವರಿ ತಮ್ಮ ಫೋನನ್ನು ಕಿವಿಗೆ ಹಿಡಿದು, ಎತ್ತುವುದನ್ನೇ ಕಾಯುತ್ತಾ ನೆಟ್ಟಗೆ ಕುಳಿತಿದ್ದರು.

ಡೊಂಬಯ್ಯ ಗೌಡರು ಬಗ್ಗಿ ನೋಡಿದರು. ಪಾತ್ರ ಬಿಟ್ಟು ಮೇಷ್ಟ್ರಾದರು. "ಭಟ್ರೆ, ಈ ಫೋನಲ್ಲಿ ಆ ಕಥೆ ಬರ್ತದಾ?"

ಚೆಂಡೆಯವನು ಅಭ್ಯಾಸಬಲದಿಂದ ಒಂದು ಪೆಟ್ಟು ಹಾಕಿ, ನಾಲಿಗೆ ಕಚ್ಚಿಕೊಂಡ. ಇನ್ನೂರು ಜನ ಭಟ್ಟರನ್ನು ನೋಡಿದರು. ಅಶ್ವಿತನ ಲೈವಿನಲ್ಲಿ ಎಷ್ಟು ಸಾವಿರ ಜನ ನೋಡುತ್ತಿದ್ದರೋ. ಭಟ್ಟರ ಬಾಯಿಗೆ ಐದಾರು ಮಾತು ಬಂತು, ಒಂದಕ್ಕಿಂತ ಒಂದು ಲಾಯಿಕ್ಕಾದದ್ದು. ಆದರೆ ಹೆಂಡತಿಯ ಮುಖ ನೋಡಿದರು. ಬಂದ ಮಾತನ್ನೆಲ್ಲ ನುಂಗಿದರು.

"ಇಲ್ಲ. ಬರುದಿಲ್ಲ. ನಾನು ಓದಿಲ್ಲ."

"ಎರಡನೇದಾ?"

"ಮೊದಲನೇದೂ."

ಭಟ್ಟರ ಸ್ವರ ಸಣ್ಣಗಾಯಿತು. "ಎಂಟು ಜನ ನನ್ನ ಮುಖ ನೋಡಿದ್ರು. ಗೊತ್ತಿಲ್ಲ ಹೇಳ್ಲಿಕ್ಕೆ ನಾಚಿಕೆ ಆಯ್ತು. ಬಾಯಿಗೆ ಬಂದದ್ದು ಹೇಳಿದೆ. ಕಾಡುಪಾಪ ಎಲ್ಲಿದ್ರೂ ಕೇಳಲಿ. ಅದು ತೀರ್ಪಲ್ಲ, ಬರೀ ಶಬ್ದ. ತಪ್ಪು ನನ್ನದು."

"ಭಟ್ರೇ!"

ಎಲ್ಲರೂ ತಿರುಗಿದರು. ನೆಬೀಸಳ ಮುಖ ಕೆಂಪಾಗಿತ್ತು. "ಓದದೆಯೇ ಹೇಳಿದ್ದಾ? ನೀವು ಹೇಳಿದಿರಿ ಅಂತ ಎರಡು ವಾರ ನಾನು ಊಟ ಬಿಟ್ಟಿದ್ದೇನೆ! ಬರೆದಿಟ್ಟ ಆರು ಕಂತು ಹರಿದು ಒಲೆಗೆ ಹಾಕ್ಲಿಕ್ಕೆ ಹೋಗಿದ್ದೆ, ಗೊತ್ತುಂಟಾ ನಿಮಗೆ? ತೇಗು ಅಂತೆ ತೇಗು!"

ಅರ್ಥವಾಗಲು ಸಭೆಗೆ ಎರಡು ಉಸಿರು ಹಿಡಿಯಿತು. ಮೊದಲು ಅರ್ಥವಾದದ್ದು ಮೂಸಕುಂಞಿಗೆ. ಹಗಲಿಡೀ ಫೋನ್ ಒತ್ತುತ್ತಾಳೆ ಎಂದು ಮೂರು ವರ್ಷ ಬೈದ ಮಗಳನ್ನು ಅವರು ತಲೆಯಿಂದ ಕಾಲಿನವರೆಗೆ ನೋಡಿದರು.

"ಆ ಕುದುರೆಯನ್ನು ಕೊಂದದ್ದು ನೀನಾ?"

"ಬಾಪಾ, ಅದು ಕಥೆಗೆ ಬೇಕಿತ್ತು."

"ಬೇಕಿತ್ತಂತೆ!" ಎಂದು ಮೂಸಕುಂಞಿ ಸಭೆಗೆ ತಿರುಗಿದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ನೋಡಿ ಮಾರಾಯ್ರೆ, ನನ್ನ ಮಗಳು! ಮನೆಯ ಒಳಗೇ ಇದ್ಲು, ನಾನು ಇಡೀ ಜಿಲ್ಲೆಯಲ್ಲಿ ಹುಡುಕಿದೆ!"

ಮಾಳಿಗೆಯ ಮಾಡು ಹಾರಿಹೋಗುವಷ್ಟು ಗದ್ದಲವಾಯಿತು. ಹೆಂಗಸರು ನೆಬೀಸಳನ್ನು ಸುತ್ತಿಕೊಂಡರು. ಪರಮೇಶ್ವರಿ ಅವಳ ಎರಡೂ ಕೈ ಹಿಡಿದು ಮೊದಲು ಕೇಳಿದ್ದು, "ಅಜ್ಜಿಯ ಬುಟ್ಟಿಯಲ್ಲಿ ಎಂತ ಉಂಟು, ನನಗೆ ಒಬ್ಬಳಿಗೆ ಹೇಳು" ಎಂದು. ನೆಬೀಸ ಹೇಳಲಿಲ್ಲ. ಜನರ ನಡುವಿನಿಂದ ಭಟ್ಟರನ್ನು ಹುಡುಕಿದಳು. ಅವರು ಮೂಲೆಯಲ್ಲಿ ರಬ್ಬರ್ ಬ್ಯಾಂಡು ಸರಿಮಾಡುತ್ತಾ ನಿಂತಿದ್ದರು.

"ಭಟ್ರೆ, ನಿಮಗೆ ಶಿಕ್ಷೆ ಉಂಟು. ಎರಡೂ ಭಾಗ ಓದಬೇಕು. ಓದಿ, ಅದೇ ಹೋಟೆಲಲ್ಲಿ, ಅದೇ ಬೆಂಚಲ್ಲಿ ಕೂತು ನಿಜ ಹೇಳಬೇಕು. ಅಷ್ಟರವರೆಗೆ ಅಜ್ಜಿಯ ಕೈ ಬುಟ್ಟಿಯಲ್ಲೇ ಇರ್ತದೆ."

ಹೀಗೆ ಮೂರು ತಾಲೂಕುಗಳ ಭವಿಷ್ಯ ಕೃಷ್ಣಮೋಹನ ಭಟ್ಟರ ಓದುವ ವೇಗದ ಮೇಲೆ ನಿಂತಿತು. ಅವರು ಬಸ್ಸಿಗೆ ಕಾಯುವುದು ಕಂಡರೆ ಹಕೀಮ್ ಈಗ ಬಸ್ಸು ನಿಲ್ಲಿಸಿ ಇಳಿದು ಬಂದು ಕೇಳುತ್ತಿದ್ದ, "ಎಷ್ಟನೇ ಕಂತು ಭಟ್ರೆ?" ಮೂವತ್ತಮೂರು ಎಂದರೆ, "ಸಾವು ಮಾರಾಯ್ರೆ, ಸ್ವಲ್ಪ ಬೇಗ ಓದಿ!" ಎಂದು ಕೈಮುಗಿಯುತ್ತಿದ್ದ. ಪರಮೇಶ್ವರಿ ತಮ್ಮ ಫೋನನ್ನೇ ಗಂಡನಿಗೆ ಕೊಟ್ಟು, ಹತ್ತು ಕಂತಿಗೊಮ್ಮೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡುತ್ತಿದ್ದರು. ಉತ್ತರ ಸರಿಯಾದ ದಿನ ಅನ್ನ, ಸಾರು, ಉಪ್ಪಿನಕಾಯಿ. ಮಾಂತ್ರಿಕನ ಮಗನನ್ನು ತಮ್ಮ ಎಂದ ದಿನ ಗಂಜಿ.

ಮೊದಮೊದಲು ಶಿಕ್ಷೆಯಾಗಿದ್ದದ್ದು ಹನ್ನೆರಡನೆಯ ಕಂತಿನ ಹೊತ್ತಿಗೆ ಬೇರೆ ಏನೋ ಆಯಿತು. ಭಟ್ಟರು ಒಂದು ಕೈಯಲ್ಲಿ ಲ್ಯಾಕ್ಟೋಮೀಟರ್, ಇನ್ನೊಂದರಲ್ಲಿ ಫೋನು ಹಿಡಿದು ಓದತೊಡಗಿದರು. ಆ ಹತ್ತು ದಿನ ಸವಣೂರಿನ ಹಾಲು ತುಸು ತೆಳುವಾಗಿತ್ತು ಎಂದು ಕೆಲವರು ಹೇಳುತ್ತಾರೆ, ಅದು ಸುಳ್ಳಿರಬಹುದು. ನಲವತ್ತೊಂದನೆಯ ಕಂತು ಓದಿದ ಬೆಳಿಗ್ಗೆ ಭಟ್ಟರು ನೇರ ಹೋಟೆಲಿಗೆ ಬಂದು ಮೂಸಕುಂಞಿಯವರ ಎದುರು ಕುಳಿತರು. ಮೂಸಕುಂಞಿ ಒಂದು ಚಾ ತಂದಿಟ್ಟು, "ಎಂತ ಕುದುರೆ, ಅಲ್ವಾ ಭಟ್ರೆ?" ಎಂದರು. ಭಟ್ಟರು ತಲೆಯಾಡಿಸಿ ಮೂಗು ಒರೆಸಿದರು.

ಹನ್ನೊಂದನೆಯ ದಿನ ಭಟ್ಟರು ಅದೇ ಬೆಂಚಿನಲ್ಲಿ ಕುಳಿತರು. ಹೋಟೆಲು ತುಂಬಿ ರಸ್ತೆಯವರೆಗೆ ಜನ. ನೆಬೀಸ ಗಲ್ಲಾ ಬಿಟ್ಟು ಎದುರಿಗೆ ಬಂದು ನಿಂತಳು. ಅಶ್ವಿತ್ ಫೋನು ಎತ್ತಿದ. ಭಟ್ಟರು ಚಾಕ್ಕೆ ಊದಲಿಲ್ಲ, ಕಣ್ಣು ಮುಚ್ಚಲಿಲ್ಲ.

"ನೆಬೀಸ, ಮೊದಲನೇದು ಓದ್ಲಿಕ್ಕೆ ಹಿಡಿದ್ರೆ ಬಿಡ್ಲಿಕ್ಕೆ ಆಗುದಿಲ್ಲ. ಎರಡನೇದರ ಮೊದಲ ಹತ್ತು ಕಂತು ಎಳೀತದೆ. ಯಾಕೆ ಗೊತ್ತುಂಟಾ? ಅಲ್ಲಿ ನೀನು ಹೆದರಿಕೊಂಡು ಬರೆ‌ದಿದ್ದಿ. ಮೊದಲನೇದರಲ್ಲಿ ಜನ ಎಂತೆಂತ ಮೆಚ್ಚಿದ್ರೋ ಅದನ್ನೇ ಬಿಸಿಮಾಡಿ ಇನ್ನೊಮ್ಮೆ ಬಡಿಸಿದ್ದಿ. ಇನ್ನೊಂದು ಕೋಟೆ, ಇನ್ನೊಂದು ಯುದ್ಧ."

ನೆಬೀಸ ತಲೆ ತಗ್ಗಿಸಿದಳು. ಹಾಗೆಂದು ಅವಳಿಗೂ ಗೊತ್ತಿತ್ತು.

"ಆದ್ರೆ ಹನ್ನೊಂದನೇದರಲ್ಲಿ ಆ ಮುಳ್ಳಜ್ಜಿ ಬಂದ್ಲಲ್ಲ, ಅವಲಕ್ಕಿ ಬುಟ್ಟಿ ಹೊತ್ತುಕೊಂಡು? ಅಲ್ಲಿಂದ ನೀನು ಯಾರಿಗೂ ಹೆದರ್ಲಿಲ್ಲ. ರಾಜನ ಮಗನಿಗೆ ಅವಳು ಅವಲಕ್ಕಿ ಕೊಟ್ಟು, ಮೊದಲು ತಿನ್ನು, ಆಮೇಲೆ ಲೋಕ ಉಳಿಸು ಅಂತಾಳಲ್ಲ, ಅದನ್ನು ನಾನು ಮೂರು ಸಲ ಓದಿದೆ. ಹಾಗಿನ ಒಬ್ಬಳು ಮೊದಲನೇದರ ಅರುವತ್ತೆರಡು ಕಂತಿನಲ್ಲಿ ಎಲ್ಲಿಯೂ ಇಲ್ಲ."

"ಹಾಗಾದ್ರೆ ಹತ್ತಿರ ಬರ್ತದಾ, ಬರುದಿಲ್ವಾ?" ಎಂದು ಅಶ್ವಿತ್ ಮುಂದೆ ಬಗ್ಗಿದ.

ಭಟ್ಟರು ಅವನನ್ನು ನೋಡಿದರು. ಆ ಹಳೆಯ ವಾಕ್ಯ ಬಾಯಿಯ ಒಳಗೆ ಬಂದು ನಿಂತದ್ದು ಎಲ್ಲರಿಗೂ ಕಂಡಿತು. ಅವರು ಅದನ್ನು ಚಾದೊಂದಿಗೆ ಇಳಿಸಿದರು.

"ನನಗೆ ಗೊತ್ತಿಲ್ಲ. ಕಥೆ ಅರ್ಧದಲ್ಲಿ ಉಂಟು. ಅವಳು ಮುಗಿಸಲಿ. ಪೂರ್ತಿ ಓದಿ ಹೇಳ್ತೇನೆ."

ಕೃಷ್ಣಮೋಹನ ಭಟ್ಟರು ಗೊತ್ತಿಲ್ಲ ಎಂದದ್ದನ್ನು ಸವಣೂರು ಅವತ್ತು ಕೇಳಿತು. ಮೂಸಕುಂಞಿ ಕೇಳದೆಯೇ ಎರಡನೆಯ ಲೋಟ ಚಾ ತಂದಿಟ್ಟರು. ನೆಬೀಸಳ ಕಣ್ಣು ಹೊಳೆಯಿತು. ಅವಳು ಒಂಬತ್ತರ ಬಸ್ಸನ್ನೂ ಬಿಟ್ಟು ಮನೆಗೆ ಓಡಿದಳು.

ಮಂಗಳವಾರ ಇಪ್ಪತ್ತನೆಯ ಕಂತು ಬಂತು. ಹೋಟೆಲಿನಲ್ಲಿ ಪರಮೇಶ್ವರಿ ಗಟ್ಟಿಯಾಗಿ ಓದಿದರು, ಊರು ಕೇಳಿತು. ಅಜ್ಜಿಯ ಕೈ ಬುಟ್ಟಿಯಿಂದ ಹೊರಗೆ ಬಂತು. ಕೈಯಲ್ಲಿ ಇದ್ದದ್ದು ಕೀಲಿಯಲ್ಲ, ಒಂದು ಓಲೆ. ಕೀಲಿ ಇರುವ ಜಾಗವನ್ನು ಅದರಲ್ಲಿ ಬರೆದಿತ್ತು. ಅದನ್ನು ಕೋಟೆಗೆ ಮುಟ್ಟಿಸಲು ಅಜ್ಜಿ ಒಬ್ಬ ದೂತನನ್ನು ಕರೆದಳು. ಹೆಸರು ಮೋಹನಾಂಗ. ದೊಡ್ಡ ಹೊಟ್ಟೆ, ಗಟ್ಟಿ ಸ್ವರ. ಘಾಟಿಯಲ್ಲಿ ಶತ್ರುಗಳು ಅವನನ್ನು ಹಿಡಿದು, ಓಲೆಯನ್ನು ಕಸಿಯುವಷ್ಟರಲ್ಲಿ ಅವನು ಅದನ್ನು ಅವಲಕ್ಕಿಯೊಂದಿಗೆ ನುಂಗಿಬಿಟ್ಟ. "ಓಲೆಯಲ್ಲಿ ಏನಿತ್ತು, ಹೇಳು!" ಎಂದು ಕತ್ತಿ ಹಿರಿದರು. ಮೋಹನಾಂಗ ಕೈಮುಗಿದು, "ಸ್ವಾಮೀ, ನಾನು ಓದಿಲ್ಲ" ಎಂದ. ಹೆದರಿಸಿದರು, ಓದಿಲ್ಲ. ಕಾಲಿಗೆ ಕಚಗುಳಿ ಇಟ್ಟರು, ಓದಿಲ್ಲ. ಬದಲಿಗೆ ಓದುವುದು ಎಂದರೇನು ಎಂಬ ವಿಷಯದ ಮೇಲೆ ಮೂರು ಜಾವ ಮಾತಾಡಿದ. ನಾಲ್ಕನೆಯ ಜಾವಕ್ಕೆ ಶತ್ರುಸೈನ್ಯ ಕಿವಿ ಮುಚ್ಚಿಕೊಂಡು ಗಡಿ ದಾಟಿ ಓಡಿತು. ಆ ನಾಡಿನಲ್ಲಿ ಓದದಿದ್ದವನೊಬ್ಬನಿದ್ದುದರಿಂದ ಕೋಟೆ ಉಳಿಯಿತು ಎಂದು ಕಂತು ಮುಗಿದಿತ್ತು.

ಹೋಟೆಲಿನಲ್ಲಿ ನಕ್ಕು ನಕ್ಕು ಬನ್ಸ್ ಗಂಟಲಿಗೆ ಸಿಕ್ಕಿದವರು ಇಬ್ಬರು. ಭಟ್ಟರು ಮಾತ್ರ ನಗಲಿಲ್ಲ. ಇಪ್ಪತ್ತೆರಡು ವರ್ಷ ನಾಲ್ಕು ಮಾತಾಡಿ ಎದ್ದು ಹೋದ ದೂತನಿಗೆ ಇವತ್ತು ಒಂದು ಇಡೀ ಕಂತು ಸಿಕ್ಕಿತ್ತು. ಅವರು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು, ಆ ಸಾಲುಗಳ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತಾ ಇನ್ನೊಮ್ಮೆ ಓದಿದರು. ಗಲ್ಲಾದ ಹಿಂದಿನಿಂದ ನೆಬೀಸ ಅದನ್ನೇ ನೋಡುತ್ತಿದ್ದಳು.

ಅಶ್ವಿತ್ ಸುಮ್ಮನಿರಲಾರದೆ ಫೋನು ಎತ್ತಿದ. "ಮೋಹನಣ್ಣ, ಈಗ ಹೇಳಿ ನೋಡುವ. ಯಾವುದು ಮೇಲೆ?"

"ಎರಡನೇದೇ" ಎಂದರು ಭಟ್ಟರು, ಒಂದು ಕ್ಷಣವೂ ತಡಮಾಡದೆ.

"ಪೂರ್ತಿ ಓದಿದ ಮೇಲೆ ಹೇಳ್ತೇನೆ ಅಂದಿದ್ರಲ್ಲ!"

"ಇನ್ನೆಂತ ಓದ್ಲಿಕ್ಕುಂಟು ಮಾರಾಯಾ?" ಎಂದು ಭಟ್ಟರು ಕಣ್ಣೊರೆಸಿಕೊಂಡರು. "ಮೊದಲನೇದರಲ್ಲಿ ನಾನೇ ಇಲ್ಲ."